ಗುದ್ಲೆಪ್ಪ ಮಾಸ್ತರರ ‘ಬೀಟಲ್’ ಪಾಠ

ಸವಣೂರಿನವರಿಗೆ ಎರಡು ವಿಷಯದಲ್ಲಿ ಅನುಮಾನವೇ ಇಲ್ಲ. ಖಾರ ನಮ್ಮದು, ಎಲೆ ನಮ್ಮದು. ಇಂಗ್ಲಿಷ್ ಕಲಿಸುತ್ತಿದ್ದ ಗುದ್ಲೆಪ್ಪ ಮಾಸ್ತರರು ಇದಕ್ಕೆ ಮೂರನೆಯದನ್ನು ಸೇರಿಸಿದರು. ವೀಳ್ಯದೆಲೆಗೆ ಇಂಗ್ಲಿಷಿನವರು ಅನ್ನುವ ‘ಬೀಟಲ್’ ಎಂಬ ಶಬ್ದವೂ ನಮ್ಮದೇ. ಇಲ್ಲಿಯ ನವಾಬರ ದರಬಾರಿನಲ್ಲಿ ಎಲೆ ಹಾಕಿಕೊಂಡ ಯಾವನೋ ಸಾಹೇಬ ಅದನ್ನು ತನ್ನ ಊರಿಗೆ ಒಯ್ದನಂತೆ. ಮೂವತ್ತೆರಡು ವರ್ಷ ಇದನ್ನೇ ಕಲಿಸಿದರು. ನಾನೂ ಬರೆದುಕೊಂಡಿದ್ದೇನೆ. ಆ ಸಾಹೇಬನ ಹೆಸರೇನು ಎಂದು ನಮ್ಮಲ್ಲೊಬ್ಬ ದಡ್ಡನೂ ಕೇಳಲಿಲ್ಲ. ಮಾಸ್ತರರಿಗೆ ಎದುರಾಡುವ ಪದ್ಧತಿ ನಮ್ಮಲ್ಲಿಲ್ಲ.

ನಿವೃತ್ತರಾದ ಮೇಲೆ ಪುರುಸೊತ್ತು ಸಿಕ್ಕು, ಗ್ರಂಥಾಲಯದ ದಪ್ಪ ನಿಘಂಟನ್ನು ತೆರೆದರು. ಶಬ್ದ ಮಲಯಾಳದಲ್ಲಿ ಹುಟ್ಟಿ, ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಗಿತ್ತು. ಸವಣೂರಿನ ಹೆಸರಿರಲಿಲ್ಲ. ಹಿಂದಿನ ಪುಟ, ಮುಂದಿನ ಪುಟ ಎರಡನ್ನೂ ನೋಡಿದರು.

ಎರಡು ದಿನ ಊಟ ಸೇರಲಿಲ್ಲ. ಅವರ ಮೆಚ್ಚಿನ ಶಿಷ್ಯೆ ಸುಮೇರಾ ಆರು ವರ್ಷದಿಂದ ಹತ್ತಿಮತ್ತೂರಿನ ಶಾಲೆಯಲ್ಲಿ ಇಂಗ್ಲಿಷ್ ಟೀಚರು. ತಮ್ಮ ಸುಳ್ಳು ಅವಳ ಬಾಯಿಂದ ಇನ್ನೊಂದು ತಲೆಮಾರಿಗೆ ಹೋಗುತ್ತಿದೆಯಲ್ಲ ಎಂಬುದೇ ಸಂಕಟ. ತಡೆಯಬೇಕೆಂದರೆ ಅವಳ ಮುಂದೆ ಬಾಯಿಬಿಡಬೇಕು. ಮಾಸ್ತರರಾದವರಿಗೆ ಅದು ಸುಲಭವಲ್ಲ.

ಭಾನುವಾರ ಅವಳ ತಂದೆ ದಸ್ತಗೀರಸಾಬರ ಎಲೆತೋಟಕ್ಕೆ ಹೋದರು. ಎಲೆಬಳ್ಳಿಗೆ ಮೈಲಿಗೆಯಾಗಬಾರದೆಂದು ತೋಟದೊಳಗೆ ಯಾರೂ ಚಪ್ಪಲಿ ಹಾಕುವುದಿಲ್ಲ. ಬರಿಗಾಲಲ್ಲಿ ಕೆಸರು ತುಳಿಯುತ್ತ ಬಂದ ಗುರುಗಳನ್ನು ಕಂಡು ಸುಮೇರಾ ಕೈಯಲ್ಲಿದ್ದ ಎಲೆಕಟ್ಟು ಕೆಳಗಿಟ್ಟಳು.

“ನಾ ಕಲಿಸಿದ್ದು ಸುಳ್ಳವ್ವ. ಆ ಶಬ್ದ ನಮ್ಮದಲ್ಲ” ಎಂದರು ಮಾಸ್ತರರು.

“ಗೊತ್ತೈತ್ರಿ ಸರ. ಕಾಲೇಜಿಗೆ ಹೋದ ವರ್ಷನ ನೋಡೇನಿ.”

“ಮತ್ತ ನಿನ್ನ ಹುಡುಗರಿಗೆ ಏನ್ ಹೇಳ್ತಿ?”

“ಮೊದಲ ನೀವು ಹೇಳಿದ್ದ ಹೇಳ್ತೇನ್ರಿ. ಆಮ್ಯಾಲ ಡಿಕ್ಷನರಿ ಕೈಯಾಗ ಕೊಟ್ಟು, ನಮ್ಮ ಸರ ಹೇಳಿದ್ದು ಖರೇನೋ ಸುಳ್ಳೋ ನೋಡ್ರಿ ಅಂತೇನಿ.”

ಅಂದರೆ ಆರು ವರ್ಷದಿಂದ ಹತ್ತಿಮತ್ತೂರಿನ ಮಕ್ಕಳು ಸಾಲುಸಾಲಾಗಿ ಇವರ ತಪ್ಪು ಹಿಡಿಯುತ್ತಿದ್ದರು. ನನ್ನ ಹೆಸರು ಹೇಳುತ್ತೀಯೇನು ಎಂದು ಕೇಳಿದರು. ಹೇಳುತ್ತೇನೆ ಎಂದಳು. ಮಾಸ್ತರರು ಈ ವರ್ಷದ ಪಾಠ ಯಾವತ್ತು ಎಂದು ವಿಚಾರಿಸಿದರು.

ಆ ದಿನ ಇಸ್ತ್ರಿ ಅಂಗಿ ತೊಟ್ಟು ಬಸ್ಸು ಹತ್ತಿದರು. ತರಗತಿಯಲ್ಲಿ ನಿಂತು ದರಬಾರು, ಸಾಹೇಬ ಎಲ್ಲವನ್ನೂ ಹಳೆಯ ಗತ್ತಿನಲ್ಲೇ ಹೇಳಿದರು. ಸುಮೇರಾ ನಿಘಂಟು ಹಂಚಿದಳು. ಹತ್ತು ನಿಮಿಷವಾದರೂ ಯಾರೂ ತುಟಿ ಬಿಚ್ಚಲಿಲ್ಲ. ಹೇಳಿದವರೇ ಎದುರಿಗಿದ್ದರು. ಮಾಸ್ತರರಿಗೆ ದಿಗಿಲಾಯಿತು, ಇವರೂ ನಮ್ಮಂತೆ ಎದುರಾಡದವರೇ ಏನೋ ಎಂದು.

ಕೊನೆಗೆ ಉಮೈಮಾ ಎಂಬ ಹುಡುಗಿ ಎದ್ದು, ಮೆತ್ತಗೆ, “ನೀವು ಹೇಳಿದ್ದು ತಪ್ಪೈತ್ರಿ ಸರ” ಎಂದಳು.



“ಜೋರಾಗಿ ಹೇಳವ್ವ” ಎಂದರು ಮಾಸ್ತರರು. “ಹಿಂದಿನ ಬೆಂಚಿಗೂ ಕೇಳಲಿ.”