ಆಪಾ ಹೊತ್ತುಕೊಂಡ ತಪ್ಪು

ಕಳೆದ ವಾರ ಯಾರೋ ನನ್ನ ಸ್ಟುಡಿಯೋಗೆ ಹಳೆಯ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟರು. ಬ್ಯಾಟರಿ ಊದಿಕೊಂಡು ಒಳಗೇ ಸಿಕ್ಕಿಹಾಕಿಕೊಂಡಿತ್ತು. ಮುಚ್ಚಳ ತೆಗೆದೊಡನೆ ನೇಲ್ ಪಾಲಿಶ್‌ನಂಥ ಸಿಹಿ ಘಾಟು ಮೂಗಿಗೆ ಬಡಿಯಿತು. ಆಪಾ ನೆನಪಾದರು...

ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಅವರದೊಂದು ಪುಟ್ಟ ಸ್ಟುಡಿಯೋ ಇತ್ತು. ಮುಸ್ಲಿಂ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೋ ತೆಗೆಯಲು ಊರಿಗೆಲ್ಲ ಅವರೊಬ್ಬರೇ. ಅವರ ಮಾತಿನಲ್ಲಿ ಆಪಾ ಎಂದರೆ ಅಕ್ಕ. ನಾನೂ ಹಾಗೆಯೇ ಕರೆಯುತ್ತಿದ್ದೆ. ಆರು ಪವರ್‌ಲೂಮ್ ಇದ್ದ ಮನೆಗೆ ಸೊಸೆಯಾಗಿ ಬಂದವಳು ನಾನು. ಅಡುಗೆಮನೆ ಬಿಟ್ಟರೆ ಮಗ್ಗದ ಮನೆ, ಮಗ್ಗದ ಮನೆ ಬಿಟ್ಟರೆ ಅಡುಗೆಮನೆ. ದಿನಕ್ಕೆ ಮೂರು ಗಂಟೆ ಆಲ್ಬಮ್ ಜೋಡಿಸುವ ಕೆಲಸಕ್ಕೆ ನನ್ನನ್ನು ಕಳಿಸುವಂತೆ ಅತ್ತೆಯನ್ನು ಒಪ್ಪಿಸಿದ್ದು ಆಪಾ. ಉಸಿರಾಡಲು ನನಗಿದ್ದದ್ದು ಆ ಮೂರೇ ಗಂಟೆ.

ಬ್ಯಾಟರಿ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. ಕ್ಯಾಮೆರಾ ಜೊತೆ ಬಂದ ಚಾರ್ಜರೇ ಆಗಬೇಕು, ಬಿಸಿಯಾಗಿದ್ದರೆ ತಣಿಯುವವರೆಗೆ ಕಾಯಬೇಕು. "ಚಾರ್ಜ್‌ಗೆ ಹಾಕ್ಬಿಟ್ಟು ಬೆನ್ನು ತಿರುಗಿಸ್ಬೇಡ ಕಣಮ್ಮ," ಎನ್ನುತ್ತಿದ್ದರು. ನೆಲಕ್ಕೆ ಬಿದ್ದು ಸ್ವಲ್ಪ ಊದಿದ್ದ ಬ್ಯಾಟರಿಯೊಂದನ್ನು ಮರಳಿನ ಬಕೆಟ್ ಪಕ್ಕ ತೆಗೆದಿಟ್ಟು, ಮುಟ್ಟಬೇಡ ಎಂದಿದ್ದರು.

ಒಂದು ದಿನ, ಸಂಜೆಗೆ ನಿಕಾಹ್ ಇತ್ತು. ಕೈಗೆ ಒಂದು ಬ್ಯಾಟರಿ ಹೆಚ್ಚಿಗಿರಲಿ ಎಂದು ನಾನು ಆಪಾಗೆ ಹೇಳದೆ ಆ ಊದಿದ್ದನ್ನೇ ಚಾರ್ಜರ್‌ಗೆ ಸಿಕ್ಕಿಸಿದೆ. ಆಪಾ ಊಟಕ್ಕೆಂದು ಒಳಗಿನಿಂದ ಷಟರ್ ಎಳೆದರು. ಡಬ್ಬಿ ಬಿಚ್ಚಿದ್ದೆವಷ್ಟೆ, ಬುಸ್ಸೆಂದು ಸದ್ದು, ಹಿಂದೆಯೇ ಹೊಗೆ, ಬೆಂಕಿ. ಆಪಾ ಮೇನ್ ಸ್ವಿಚ್ ಆರಿಸಿ ಮರಳು ಸುರಿದರು. ಬೆಂಕಿ ಅಡಗಿತು, ಹೊಗೆ ನಿಲ್ಲಲಿಲ್ಲ. ಷಟರ್ ಎತ್ತಲು ಹೋದರೆ ಅರ್ಧ ಗೇಣು ಮೇಲೆದ್ದು ಕಚ್ಚಿಕೊಂಡಿತು. ಬಡಿದೆವು, ಕೂಗಿದೆವು. ಬೀದಿಯ ಮಗ್ಗಗಳ ಅಬ್ಬರದಲ್ಲಿ ಯಾರಿಗೆ ಕೇಳಬೇಕು? ಆಪಾ ನನ್ನ ತಲೆ ಬಗ್ಗಿಸಿ ಆ ಸಂದಿಗೆ ಮೂಗು ಒತ್ತಿಸಿದರು. ತಾವು ಹಿಂದೆ ಕೆಮ್ಮುತ್ತ ಕುಳಿತರು... ಎಷ್ಟು ಹೊತ್ತೋ. ಇದ್ದಕ್ಕಿದ್ದಂತೆ ಬೀದಿಯ ಕರೆಂಟ್ ಹೋಯಿತು. ಮಗ್ಗಗಳೆಲ್ಲ ಒಟ್ಟಿಗೆ ನಿಂತವು. ಆಗ ನಮ್ಮ ಕೂಗು ಹೊರಗೆ ಕೇಳಿಸಿತು.

ಹಾರೆ ಹಾಕಿ ಷಟರ್ ಎಬ್ಬಿಸಿದರು. ಸೇರಿದ ಜನರಲ್ಲಿ ಅತ್ತೆಯೂ ಇದ್ದರು, ಕಟ್ಟಡದ ಮಾಲೀಕರೂ ಇದ್ದರು.

"ಯಾರು ಹಾಕಿದ್ದು ಅದನ್ನ?" ಮಾಲೀಕರು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆಪಾ, "ನಾನೇ ಹಾಕ್ದೆ. ಈ ಹುಡುಗಿಗೇನೂ ಗೊತ್ತಿಲ್ಲ," ಎಂದರು.

ನಿಜ ಹೊರಬಿದ್ದರೆ ಅತ್ತೆ ಮತ್ತೆ ನನ್ನನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಸುಮ್ಮನಿದ್ದೆ.

ಮಾಲೀಕರು ಅಂಗಡಿ ಖಾಲಿ ಮಾಡಿಸಿದರು. ಆಪಾ ಹೊಸಕೋಟೆಯ ತಂಗಿಯ ಮನೆ ಸೇರಿದರು. ಅಲ್ಲೇ ಹತ್ತಿರದ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸವಂತೆ. ಹೊರಡುವ ದಿನ ಕ್ಯಾಮೆರಾ ನನ್ನ ಕೈಗಿಟ್ಟು, "ಇನ್ಮೇಲೆ ಮದುವೆಗಳಿಗೆ ನೀನು ಹೋಗು. ಮನೇಲಿ ಕೂತ್ಬಿಡ್ಬೇಡ," ಎಂದರು. ಹಾಗೆಯೇ ಮಾಡಿದೆ; ಅತ್ತೆಯೂ ತಡೆಯಲಿಲ್ಲ, ಮುಂದೆ ನನ್ನದೇ ಸ್ಟುಡಿಯೋ ಇಟ್ಟೆ. ಹೋಗಿ ಅವರನ್ನು ಕಾಣಬೇಕು, ಮಾಲೀಕರಿಗೆ ನಿಜ ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು. ಆಪಾ ತೀರಿಹೋದ ಸುದ್ದಿ ನನಗೆ ಮುಟ್ಟಿದ್ದೂ ತಿಂಗಳಾದ ಮೇಲೆ.

ಕಳೆದ ವಾರ ಆ ಘಾಟು ಮೂಗಿಗೆ ಬಡಿದ ದಿನ ಮನೆಗೆ ಹೋದವಳೇ ಅತ್ತೆಯ ಮುಂದೆ ಕುಳಿತು ಹೇಳಿಬಿಟ್ಟೆ. "ಅವತ್ತು ಆ ಬ್ಯಾಟರಿ ಹಾಕಿದ್ದು ನಾನು, ಅತ್ತೆ."

ಅತ್ತೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನಂಗೊತ್ತಿತ್ತು ಕಣಮ್ಮ. ಅವತ್ತೇ ನಿನ್ ಮುಖ ನೋಡಿದ್ದೆ."

ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಕೇಳಲು ನನಗೇನು ಹಕ್ಕು? ನಾನೂ ಸುಮ್ಮನಿದ್ದವಳೇ.