ಹಾಲು ಬೆಕ್ಕಿನ ಕುಸ್ತಿ

ನಾನು ಚಿಕ್ಕವನಿದ್ದಾಗ ನನ್ನಂಥ ಪುಕ್ಕಲ ಸುದ್ದಗುಂಟೆಪಾಳ್ಯದಲ್ಲಿ ಇನ್ನೊಬ್ಬ ಇರಲಿಲ್ಲ. ಅಂಥವನನ್ನು ಅಪ್ಪ ಕರೆದುಕೊಂಡು ಹೋಗಿ ಗರಡಿಮನೆಗೆ ಸೇರಿಸಿದರು. ತಾವು ಕುಸ್ತಿ ಕಲಿತ ಗರಡಿ ಅದೆಂದು ಅವರಿಗೆ ಬಹಳ ಹೆಮ್ಮೆ. ನನಗೋ ಎಣ್ಣೆ, ಅರಿಶಿನ ಬೆರೆಸಿದ ಅಲ್ಲಿನ ಕೆಮ್ಮಣ್ಣಿನ ವಾಸನೆ ಬಂದರೇ ಓಡಿಹೋಗುವಂತಾಗುತ್ತಿತ್ತು. ಎದುರಿನವನು ಕೈ ಚಾಚಿದ ಕೂಡಲೇ ಕಣ್ಣುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ವ್ಯತ್ಯಾಸವೇ ಇಲ್ಲವೆಂದು ಹುಡುಗರು ನನ್ನನ್ನು 'ಹಾಲು ಬೆಕ್ಕು' ಎಂದೇ ಕರೆಯುತ್ತಿದ್ದರು.

ಒಂದು ಶನಿವಾರ, ನಮಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರು ನನ್ನ ಕಿವಿ ಹಿಂಡಿದರು. "ಕಣ್ಮುಚ್ಕೊಂಡು ಬಿದ್ರೆ ಕತ್ತು ಮುರಿಯುತ್ತೆ ಕಣೋ! ನಾಳೆ ಮತ್ತೆ ಮುಚ್ಚಿದ್ರೆ ಗರಡಿ ಕಡೆ ತಲೆ ಹಾಕ್ಬೇಡ. ನಿಮ್ಮಪ್ಪಂಗೂ ಬರಕ್ಕೆ ಹೇಳಿದೀನಿ, ಅವರೇ ನೋಡ್ಲಿ."

ಮರುದಿನ ನನಗೆ ಎದುರಾಳಿ ಇಟ್ಟಿಗೆಗೂಡಿನವರ ಮಗ. ನನ್ನ ಒಂದೂವರೆ ಪಟ್ಟು ಇದ್ದ. ಹಿಂದಿನ ವಾರ ಅವನು ತಿರುಚಿದ್ದ ಮಣಿಕಟ್ಟು ಇನ್ನೂ ನೋಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಕುಳಿತು ಅಳುತ್ತಿದ್ದೆ. ಅಕ್ಕ ಸ್ನಾನದ ಹಂಡೆಗೆ ಉರಿ ಹಾಕುತ್ತಿದ್ದಳು. ಅಷ್ಟರಲ್ಲಿ ಒಂದು ಬೀದಿನಾಯಿ ಬೇಲಿ ನುಗ್ಗಿ ಬಂತು. ಸೌದೆಯ ಸಂದಿಯಲ್ಲಿ ನಮ್ಮ ಬೆಕ್ಕು ಮರಿ ಹಾಕಿತ್ತು. ನಾಯಿ ಗುರ್ರೆಂದಾಗ ನಾನು ಅಕ್ಕನ ಲಂಗದ ಹಿಂದೆ ಅಡಗಿ ಕಣ್ಣು ಮುಚ್ಚಿದೆ. ಅಕ್ಕ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿದಳು.

"ನೋಡೋ, ಬೆಕ್ಕು ಕಣ್ಣು ಮುಚ್ತಾ? ಹಲ್ಲನ್ನೂ ನೋಡ್ತಿಲ್ಲ. ನಾಯಿಯ ಭುಜ ನೋಡ್ತಿದೆ."

ಬೆಕ್ಕು ಹೊಟ್ಟೆಯನ್ನು ನೆಲಕ್ಕೆ ತಾಗಿಸಿತ್ತು. ಹಿಂಗಾಲು ಮಡಚಿ ಭಾರವನ್ನೆಲ್ಲ ಅಲ್ಲಿಟ್ಟುಕೊಂಡು, ಮುಂಗಾಲನ್ನು ಹಗುರವಾಗಿ ಬಿಟ್ಟಿತ್ತು. ನಾಯಿಯ ಭುಜ ಕುಗ್ಗಿತು, ನಾಯಿ ಎಗರಿತು. ಬೆಕ್ಕು ಸರಿದದ್ದು ಒಂದೇ ಗೇಣು. ಸರಿದು 'ಹಿಸ್' ಎಂದು ಮೂತಿಗೆ ಪರಚಿತು. ನಾಯಿ ಕುಂಯ್‌ಗುಡುತ್ತ ಬಂದ ದಾರಿಯಲ್ಲೇ ಓಡಿತು.

ಗರಡಿಯಲ್ಲಿ ಅಪ್ಪ ಗೋಡೆಗೆ ಒರಗಿ ನಿಂತಿದ್ದರು. ಇಟ್ಟಿಗೆಗೂಡಿನವರ ಮಗ ನನ್ನ ಕೈ ಮುಟ್ಟಿ ಹಿಂದೆ ಸರಿದ. ನಾನು ಬಗ್ಗಿ, ಭಾರ ಹಿಂದಿಟ್ಟು, ಅವನ ಭುಜವನ್ನೇ ನೋಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ರೆಪ್ಪೆ ಬಡಿಯಲಿಲ್ಲ. ಅವನ ಎಡಭುಜ ಕುಗ್ಗಿತು. ನಾನು ಒಂದು ಗೇಣು ಸರಿದೆ. ಆಗಲೇ ಎಡವಟ್ಟಾದದ್ದು: ಬೆಕ್ಕಿನ ಪಾಠವನ್ನು ಪೂರ್ತಿ ಒಪ್ಪಿಸುವವನಂತೆ ನಾನೂ 'ಹಿಸ್' ಎಂದುಬಿಟ್ಟೆ!

ಗರಡಿಗೆ ಗರಡಿಯೇ ನಕ್ಕಿತು. ಇಟ್ಟಿಗೆಗೂಡಿನವರ ಮಗ ಮಣ್ಣಿಗೆ ಮುಗ್ಗರಿಸಿದ. ಆದರೆ ಏಳುತ್ತಲೇ ನನ್ನ ಕಾಲು ಹಿಡಿದು ಎತ್ತಿ ಒಗೆದ. ಸೂರಿನ ಹೆಂಚು, ಅಪ್ಪನ ಮುಖ, ಮೇಲೆದ್ದ ಧೂಳು, ಎಲ್ಲವನ್ನೂ ನೋಡುತ್ತಲೇ ಬೆನ್ನ ಮೇಲೆ ಬಿದ್ದೆ.

"ಬಿದ್ದ, ಆದ್ರೆ ನೋಡ್ಕೊಂಡು ಬಿದ್ದ," ಎಂದರು ಉಸ್ತಾದರು. "ನಾಳೆ ಬೇಗ ಬಾರೋ, ಬೆಕ್ಕೇ."

ಅಪ್ಪ ಮನೆಯ ದಾರಿಯುದ್ದಕ್ಕೂ ನನ್ನ ಬೆನ್ನ ಮಣ್ಣು ಒರೆಸುತ್ತಲೇ ಬಂದರು.

ಆ ಗರಡಿಯ ಜಾಗದಲ್ಲಿ ಈಗ ಪಿ.ಜಿ. ಕಟ್ಟಡವಿದೆ. ಮಕ್ಕಳೇ, ನೀವು ಕರಾಟೆ ಕಲಿಯುವುದು ಬೇಕರಿ ಮೇಲಿನ ಮೂರನೇ ಮಹಡಿಯಲ್ಲಿ. ಮಣ್ಣಿನ ಬದಲು ನೀಲಿ ಮ್ಯಾಟು, ತಲೆಗೆ ಹೆಲ್ಮೆಟ್ಟು, ಹಲ್ಲಿಗೂ ಕವಚ. ಭಯ ಮಾತ್ರ ನಮ್ಮ ಕಾಲದ್ದೇ. ಹೋದ ವಾರ ಮೊಮ್ಮಗಳು ಪುಟ್ಟಿ ಮೊದಲ ಸಲ ಸ್ಪಾರಿಂಗಿಗೆ, ಅಂದರೆ ಜೋಡಿ ಸೆಣಸಾಟಕ್ಕೆ, ನಿಂತಾಗ ನಾನು ಗಾಜಿನ ಬಾಗಿಲಾಚೆ ನಿಂತಿದ್ದೆ. ಎದುರಿನ ಹುಡುಗಿ ಕಾಲೆತ್ತಿದಳು.

ಮನೆಗೆ ಬರುವಾಗ ಪುಟ್ಟಿ ಕೇಳಿದಳು, "ತಾತ, ನಾನು ಕಣ್ಣು ಮುಚ್ಚಿದ್ನಾ?"

ಆ ಹುಡುಗಿ ಕಾಲೆತ್ತುವ ಹೊತ್ತಿಗೆ ನಾನೇ ಕಣ್ಣು ಮುಚ್ಚಿಬಿಟ್ಟಿದ್ದೆ.