ಗೆರೆಯೊಳಗೆ ಅವಿತ ಆನೆ

ಬೆಳಗಿನ ಐದೂವರೆ. ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ತಂಬಾಕು ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಅಂಟಿಕೊಂಡ ಕೋಣೆಯಲ್ಲಿ ಸಂಘಮಿತ್ರ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಕಾಫಿ ಆರಿ ಕೆನೆಗಟ್ಟಿದೆ. ಆರು ಗಂಟೆಗೆ ಕಾಕನಕೋಟೆ ಕಾಡಂಚಿನ ದೇವಯ್ಯ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೊರಡುತ್ತಾರೆ. ಹೊರಡಬಹುದೋ ಬೇಡವೋ ಎಂದು ಹೇಳಬೇಕಾದವರು ಈಕೆ!

ಆ ದಾರಿಯುದ್ದಕ್ಕೂ ಆನೆ ಸುಳಿದರೆ ಸೈರನ್ ಕೂಗಿಸುವ ನಲವತ್ತು ಪೆಟ್ಟಿಗೆಗಳಿವೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪಿನ ಒಂದೊಂದು ತಂತಿಯ ಸಂಕೇತವೂ ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದು ಫೈಲಿನಲ್ಲಿ ದಾಖಲಾಗಿ ದಿನಾ ಇಲ್ಲಿಗೆ ಬರುತ್ತದೆ. ಬಿಚ್ಚಿದರೆ ಹನ್ನೊಂದು ಜಿಬಿ. ಮಾಮೂಲಿ ಸಾಫ್ಟ್‌ವೇರ್ ಅಷ್ಟನ್ನೂ ಒಂದೇ ಸಲ ನುಂಗಲು ಹೋಗಿ ಮಕಾಡೆ ಮಲಗುತ್ತದೆ. ಸಂಘಮಿತ್ರ ಬರೆದದ್ದು ಪರದೆಗೆ ಬೇಕಾದಷ್ಟನ್ನೇ ಓದಿ ಗೆರೆಯಾಗಿ ತೋರಿಸುತ್ತದೆ. ನಾಲ್ಕೇ ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪಿನಲ್ಲೂ ಮೂರು ಸೆಕೆಂಡು ಸಾಕು.

ಹುಣಸೂರಿನಲ್ಲಿ ಡಿಪ್ಲೊಮಾ ಓದಿದ ಈಕೆ ಇದಕ್ಕೆ ಆರು ವರ್ಷ ಸವೆಸಿದ್ದಾರೆ. ಎಲ್ಲೆಲ್ಲಿಯ ಎಂಜಿನಿಯರುಗಳೋ ಇದನ್ನು ಪುಕ್ಕಟೆ ಬಳಸುತ್ತಾರೆ, ಬರೆದವರು ಯಾರೆಂದು ಒಬ್ಬರೂ ಕೇಳಿಲ್ಲ. "ಏನ್ ಸ್ಪೀಡು ಅಂತ ಬೀಗ್ತಿದ್ದೆ ಕಣ್ರೀ. ಆ ಬೀಗೋದೇ ಮುಳುವಾಯ್ತು" ಎನ್ನುತ್ತಾರೆ.

ಹೋದ ಕಾರ್ತಿಕದ ಮಾತು. ದೇವಯ್ಯನವರ ಹೆಂಡತಿ ಸುನಂದಮ್ಮ ಹಾಲು ಹೊತ್ತು ಹೊರಟಿದ್ದರು. ಸೈರನ್ ಕೂಗಲಿಲ್ಲ. ತಿರುವಿನಲ್ಲೇ ಸಲಗ! ಸುನಂದಮ್ಮ ಕಂದಕಕ್ಕೆ ಬಿದ್ದು ಸೊಂಟ ಮುರಿದರೂ ಜೀವ ಉಳಿಯಿತು. ಹಿಂದಿನ ದಿನವಷ್ಟೇ ಆ ತಿರುವಿನ ಪೆಟ್ಟಿಗೆಯ ಗೆರೆ ನೋಡಿ, ಸಪಾಟಾಗಿದೆ, ಎಲ್ಲ ಸರಿಯಿದೆ ಎಂದಿದ್ದವರು ಸಂಘಮಿತ್ರ. "ಅವತ್ತಿಂದ ದಿನಾ ನಾನು ಫೋನ್ ಮಾಡಿ ಹೇಳಿದ್ಮೇಲೇ ದೇವಯ್ಯಣ್ಣ ಹೊರಡೋದು."

ತಪ್ಪು ಸಿಕ್ಕಲು ಎಂಟು ದಿನ ಹಿಡಿಯಿತು. ವೇಗಕ್ಕಾಗಿ ಸಾವಿರಾರು ಕ್ಷಣಗಳ ದಾಖಲೆಯನ್ನು ಪರದೆಯ ಒಂದು ಚುಕ್ಕಿಗೆ ಅಡಕಿ, ಮೊದಲನೆಯದು ಮತ್ತು ಕೊನೆಯದನ್ನು ಮಾತ್ರ ನೋಡುತ್ತಿದ್ದರು. ನಡುವೆ ಕಣ್ಣಿಗೆ ಬೀಳದಷ್ಟು ಹೊತ್ತು ಒಂದು ಸಂಕೇತ ಎದ್ದು ಬಿದ್ದು, ಚಿಪ್ಪನ್ನೇ ಕೆಡವಿತ್ತು; ಸೈರನ್ ಕೂಗದಿದ್ದುದು ಅದಕ್ಕೇ. ತಾಯಿ ಮರಮ್ಮ ಕೇಳಿ ನಕ್ಕುಬಿಟ್ಟರಂತೆ: "ಬೆಳಗ್ಗೊಂದ್ಸಲ ಸಂಜೆಗೊಂದ್ಸಲ ಥರ್ಮಾಮೀಟರ್ ನೋಡಿ ಬ್ಯಾರನ್ ಬೇಯ್ಸಾಕಾದದೇನೇ? ನಡುಮಧ್ಯ ಕಾವು ಏರ್ಬುಟ್ರೆ ಸೊಪ್ಪೆಲ್ಲ ಕರ್ರಗಾಯ್ತದೆ!"

"ಚಿಕ್ಕೋಳಿದ್ದಾಗ ಬ್ಯಾರನ್ ಕಾದೋಳು ನಾನೇ. ಅದನ್ನೇ ಮರ್ತಿದ್ದೆ" ಎಂದು ಸಂಘಮಿತ್ರ ತಲೆ ತಗ್ಗಿಸುತ್ತಾರೆ. ಈಗ ಚುಕ್ಕಿಯೊಳಗೆ ಏನೇ ಅಲುಗಿದರೂ ಕೆಂಪಾಗುತ್ತದೆ. ಮೂರು ಸೆಕೆಂಡು ನಾಲ್ಕಾಗಿದೆ, ಇರಲಿ. ಆದರೆ ಪೆಟ್ಟಿಗೆಗಳು ಅವೇ ಹಳೆಯವು. ಯಾವುದು ಯಾವಾಗ ಕೈಕೊಡುತ್ತದೋ!

ಐದು ಐವತ್ತೆರಡು. ದಾರಿಯ ತಿರುವಿನ ಹದಿನೇಳನೇ ಪೆಟ್ಟಿಗೆಯ ಗೆರೆಯಲ್ಲಿ ಸಾಸಿವೆಯಷ್ಟು ಕೆಂಪು. ಸಂಘಮಿತ್ರ ಫೋನ್ ಹಚ್ಚುತ್ತಾರೆ. ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಮತ್ತೆ ಹಚ್ಚುತ್ತಾರೆ.

"ಏನವ್ವಾ?" ದೇವಯ್ಯನವರ ದನಿ.

"ಒಂಟೋಗಿಲ್ಲ ತಾನೆ ದೇವಯ್ಯಣ್ಣ?"

"ಇಲ್ಲ ಕಣವ್ವ, ಬಾಗ್ಲಲ್ಲೇ ನಿಂತಿವ್ನಿ. ನೀನು ಏಳ್ದೆ ಎಂಗೋಗ್ಲಿ?"

"ಓಗ್ಬೇಡಿ. ತಿರುವಿನ ಪೆಟ್ಟಿಗೆ ಕೆಟ್ಟದೆ."

"ಆಗ್ಲಿ. ಹಾಲು ಒಡೆದೋದ್ರೆ ಒಡೆದೋಗ್ಲಿ ಬುಡು."

ಫೋನ್ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ನಿಮ್ಮ ಆಸೆ ಏನು ಎಂದರೆ ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾರೆ: "ಒಂದಿನ ನನ್ನ ಕೇಳ್ದೆನೇ ಅವ್ರು ಹಾಲು ತಗಂಡು ಓಗಂಗಾಗ್ಬೇಕು. ಅಷ್ಟೇಯ."